ಹೆಸರು ಟೈಪ್ ಮಾಡಿ ಬಟನ್ ಒತ್ತಿದರೆ ಕರಾರಿಗೆ ಸಹಿ ಹಾಕಿದಂತಾಗುತ್ತದಾ?

ಬಣ್ಣದಡಬ್ಬಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಎಲ್ಲೂ ನೌಕರಿಯಲ್ಲಿಲ್ಲ, ಪುಸ್ತಕಕ್ಕೊಂದು ಕರಾರು. ಪ್ರಕಾಶಕರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಹೆಚ್ಚಿನವರ ಮುಖ ನೋಡಿದ್ದು ವಿಡಿಯೋ ಕಾಲ್‌ನಲ್ಲಿ ಮಾತ್ರ.

ಇಷ್ಟು ದಿನ ಒಂದೇ ಪದ್ಧತಿ. ಅವರು ಪಿಡಿಎಫ್ ಕಳಿಸುತ್ತಾರೆ. ನಾನು ಪ್ರಿಂಟ್ ತೆಗೆದು, ಪುಟಪುಟಕ್ಕೂ ಚಿಕ್ಕ ಸಹಿ, ಕೊನೆಗೆ ದೊಡ್ಡ ಸಹಿ ಹಾಕಿ, ಫೋನಿನಲ್ಲಿ ಫೋಟೋ ಹೊಡೆದು ಮತ್ತೆ ಪಿಡಿಎಫ್ ಮಾಡಿ ಕಳಿಸುತ್ತೇನೆ. ಒಂದು ಪುಟ ಸೊಟ್ಟಗೆ, ಇನ್ನೊಂದರ ಮೇಲೆ ನನ್ನ ಕೈಯ ನೆರಳು. ಅವರು ಅದನ್ನು ಮತ್ತೆ ಪ್ರಿಂಟ್ ತೆಗೆದು ತಮ್ಮ ಸಹಿ ಹಾಕಿ ವಾಪಸ್ ಕಳಿಸುವ ಹೊತ್ತಿಗೆ ರಾಯಲ್ಟಿ ಶೇಕಡಾ ಎಷ್ಟು ಅಂತ ಓದಲಿಕ್ಕೂ ಆಗುವುದಿಲ್ಲ.

ಈಗ ಹೊಸ ಪ್ರಕಾಶಕರೊಬ್ಬರು ಪಿಡಿಎಫ್ ಬದಲು ಲಿಂಕ್ ಕಳಿಸಿದ್ದಾರೆ. ತೆರೆದರೆ ಕರಾರು ಕಾಣುತ್ತದೆ. ಕೊನೆಯಲ್ಲಿ ಹೆಸರು ಟೈಪ್ ಮಾಡಲು ಒಂದು ಚೌಕ. ಟೈಪ್ ಮಾಡಿದ್ದು ತಾನೇ ಸುರುಳಿ ಸುರುಳಿ ಅಕ್ಷರವಾಗಿ ಬದಲಾಗುತ್ತದೆ. ಕೆಳಗೆ 'ಒಪ್ಪಿದ್ದೇನೆ' ಅನ್ನುವ ಬಟನ್. ಅಷ್ಟೇ. ನನ್ನ ನಿಜವಾದ ಸಹಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಇನ್ನೂ ಒತ್ತಿಲ್ಲ.

ಗೆಳತಿಯೊಬ್ಬಳು 'ಡಿಜಿಟಲ್ ಸರ್ಟಿಫಿಕೇಟ್ ಇಲ್ಲದಿದ್ದರೆ ಅದೆಲ್ಲ ನಡೆಯಲ್ಲ, ಕೋರ್ಟಲ್ಲಿ ಎತ್ತಿ ಎಸೀತಾರೆ' ಅನ್ನುತ್ತಾಳೆ. ನಿಜವಾ?

ಇನ್ನೊಂದು ವಿಷಯ. ದೊಡ್ಡ ಪುಸ್ತಕ ಬಂದಾಗ ಬಣ್ಣ ತುಂಬುವ ಕೆಲಸವನ್ನು ಇಬ್ಬರು ಕಲಾವಿದರಿಗೆ ಕೊಡುತ್ತೇನೆ. ಅವರ ಜೊತೆ ಇವತ್ತಿನವರೆಗೂ ಬಾಯಿಮಾತೇ ಕರಾರು. ಅದನ್ನೂ ಬರಹಕ್ಕೆ ಇಳಿಸಬೇಕು ಅಂತಿದ್ದೇನೆ, ಕಾಗದದ ರಗಳೆ ಇಲ್ಲದೆ. ದುಡ್ಡು ಕೊಟ್ಟು ಯಾವುದಾದರೂ ಸೇವೆ ತಗೊಳ್ಳಲೇಬೇಕಾ, ಇಮೇಲ್ ಸಾಕಾ?

ಅವಸರದವ:

ಆಗುತ್ತೆ. ಧೈರ್ಯವಾಗಿ ಒತ್ತಿ. ನಮ್ಮ ಆಫೀಸಿನಲ್ಲಿ ಎಲ್ಲ ಹೀಗೇ ನಡೆಯುತ್ತಿದೆ. ಒತ್ತುವ ಮೊದಲು ಪೂರ್ತಿ ಓದಿ, ಸಹಿ ಆದ ಮೇಲೆ ಬರುವ ಪ್ರತಿಯನ್ನು ಅವತ್ತೇ ಇಳಿಸಿಟ್ಟುಕೊಳ್ಳಿ. ಆ ಲಿಂಕ್‌ಗಳು ಸ್ವಲ್ಪ ದಿನ ಕಳೆದರೆ ತೆರೆಯುವುದೇ ಇಲ್ಲ.

ಕಡತಪ್ರೇಮಿ:

ಅವಸರದವರು ಹೇಳಿದ್ದು ಸರಿ. ಆದರೆ ಅದು ಯಾಕೆ ಆಗುತ್ತದೆ ಅಂತ ತಿಳಿದುಕೊಂಡರೆ ಎಲ್ಲಿ ಆಗುವುದಿಲ್ಲ ಅನ್ನುವುದೂ ಗೊತ್ತಾಗುತ್ತದೆ. ನಾನು ಒಂದು ಕಂಪನಿಯ ಕರಾರು ವಿಭಾಗದಲ್ಲಿದ್ದೇನೆ. ವಕೀಲ ಅಲ್ಲ. ವಕೀಲರು ಕೇಳಿದಾಗ ಕಡತ ಹುಡುಕಿ ಕೊಡುವವನು. ಹಾಗಾಗಿ ಸಹಿ ಹೇಗೆ ಕಾಣುತ್ತದೆ ಅನ್ನುವುದು ನನಗೆ ಮುಖ್ಯ ಅಲ್ಲ. ನಾಳೆ ಆ ಕಡೆಯವರು 'ನಾನು ಹಾಕಿಲ್ಲ' ಅಂದರೆ ಏನು ತೋರಿಸುತ್ತೇವೆ ಅನ್ನುವುದೇ ನನ್ನ ತಲೆಬಿಸಿ.

ನಿಮ್ಮ ಗೆಳತಿ ಎರಡು ಪ್ರಶ್ನೆಗಳನ್ನು ಒಂದೇ ಮಾಡಿಬಿಟ್ಟಿದ್ದಾರೆ. ಈ ಸಹಿ ನಡೆಯುತ್ತದಾ ಅನ್ನುವುದು ಒಂದು. ತಕರಾರು ಬಂದರೆ ಅದನ್ನು ಯಾರು ಸಾಬೀತು ಮಾಡಬೇಕು ಅನ್ನುವುದು ಇನ್ನೊಂದು.

ಯುರೋಪಿನ ಕಾನೂನನ್ನೇ ನೋಡಿ. ಇಐಡಾಸ್ ಅನ್ನುವ 2014ರ 910ನೇ ನಿಯಮಾವಳಿ ಅಲ್ಲಿ 2016ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಮೂರು ಮೆಟ್ಟಿಲು. ಕೆಳಗಿನದು ಸರಳ ಸಹಿ. ಟೈಪ್ ಮಾಡಿದ ಹೆಸರು, ಅಂಟಿಸಿದ ಸಹಿಯ ಚಿತ್ರ, ಟಿಕ್ ಹಾಕಿದ ಚೌಕ, ಎಲ್ಲ ಇದರಲ್ಲೇ ಬರುತ್ತವೆ. ನಡುವಿನದು ಸುಧಾರಿತ ಸಹಿ. ಸಹಿ ಹಾಕಿದವರು ಯಾರು ಅಂತ ಅದರಿಂದಲೇ ಗೊತ್ತಾಗಬೇಕು, ಆಮೇಲೆ ಕಡತದಲ್ಲಿ ಏನು ಬದಲಾದರೂ ಪತ್ತೆಯಾಗಬೇಕು. ಮೇಲಿನದು ಅರ್ಹ ಸಹಿ. ಈ ಸಹಿ ಇಂಥವರದೇ ಅಂತ ಮಾನ್ಯತೆ ಪಡೆದ ಸಂಸ್ಥೆ ಕೊಟ್ಟ ಡಿಜಿಟಲ್ ಸರ್ಟಿಫಿಕೇಟು, ಅದಕ್ಕೆಂದೇ ಇರುವ ಸಾಧನ, ಎರಡೂ ಬೇಕು.

ಆ ನಿಯಮಾವಳಿಯ 25ನೇ ವಿಧಿ ಎರಡು ಮಾತು ಹೇಳುತ್ತದೆ. ಅರ್ಹ ಸಹಿ ಕೈಬರಹದ ಸಹಿಗೆ ಸಮ. ಉಳಿದ ಸಹಿಗಳನ್ನು 'ಇದು ಎಲೆಕ್ಟ್ರಾನಿಕ್' ಅನ್ನುವ ಒಂದೇ ಕಾರಣಕ್ಕೋ, 'ಅರ್ಹ ದರ್ಜೆಯದಲ್ಲ' ಅನ್ನುವ ಒಂದೇ ಕಾರಣಕ್ಕೋ ತಳ್ಳಿಹಾಕುವಂತಿಲ್ಲ. ಅಂದರೆ ಎತ್ತಿ ಎಸೆಯುವ ಪ್ರಶ್ನೆಯೇ ಇಲ್ಲ. ಆದರೆ ಸರಳ ಸಹಿಯನ್ನು ಹಿಡಿದುಕೊಂಡು ಹೋದವರು ಪುರಾವೆಯನ್ನೂ ಜೊತೆಗೆ ತಗೊಂಡು ಹೋಗಬೇಕು.

ಅಮೆರಿಕದಲ್ಲಿ ಇಷ್ಟೆಲ್ಲ ಮೆಟ್ಟಿಲು ಇಲ್ಲ. ಅಲ್ಲಿನ 2000ದ ಇ-ಸೈನ್ ಕಾಯ್ದೆಯ ಪ್ರಕಾರ ಸಹಿ ಹಾಕುವ ಉದ್ದೇಶದಿಂದ ಮಾಡಿದ ಯಾವುದೇ ಎಲೆಕ್ಟ್ರಾನಿಕ್ ಶಬ್ದ, ಚಿಹ್ನೆ ಅಥವಾ ಕ್ರಿಯೆ ಸಹಿಯೇ. ಕರಾರಿನ ಜೊತೆ ಅದು ಹೊಂದಿಕೊಂಡಿರಬೇಕು, ಅಷ್ಟೇ. ಅಂದ ಹಾಗೆ ಆ ವರ್ಷ ಜೂನ್ 30ರಂದು ಬಿಲ್ ಕ್ಲಿಂಟನ್ ಆ ಕಾಯ್ದೆಗೆ ಪೆನ್ನಿನಲ್ಲೂ ಸಹಿ ಹಾಕಿದರು, ಸ್ಮಾರ್ಟ್ ಕಾರ್ಡ್ ಬಳಸಿಯೂ ಹಾಕಿದರು. ಕಾರ್ಡಿನ ಪಾಸ್‌ವರ್ಡ್ ತಮ್ಮ ನಾಯಿಯ ಹೆಸರು, ಬಡ್ಡಿ. ಅದು ಪೇಪರಿನಲ್ಲೂ ಬಂತು! ಪಾಸ್‌ವರ್ಡ್ ಹೇಗಿರಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಾನು ಕಂಡಿಲ್ಲ.

ಭಾರತದ ಪ್ರಕಾಶಕರೂ ನಿಮಗಿದ್ದರೆ ಇದು ಗಮನದಲ್ಲಿರಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಆದರೆ ಕಾಯ್ದೆ 'ಎಲೆಕ್ಟ್ರಾನಿಕ್ ಸಹಿ' ಅಂತ ಹೆಸರಿಟ್ಟು ಗುರುತಿಸುವುದು ಡಿಜಿಟಲ್ ಸರ್ಟಿಫಿಕೇಟಿನ ಸಹಿ, ಆಧಾರ್ ಮೂಲಕ ಹಾಕುವ ಸಹಿ ಇಂಥವನ್ನು. ಟೈಪ್ ಮಾಡಿದ ಹೆಸರಿಗೆ ಆ ವಿಶೇಷ ಮರ್ಯಾದೆ ಇಲ್ಲ. ಕರಾರು ಉಳಿಯುತ್ತದೆ, ಸಾಬೀತು ಮಾಡುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಗೆಳತಿಯ ಮಾತಿನಲ್ಲಿ ನಿಜ ಇರುವುದು ಇಷ್ಟೇ.

ಇದೆಲ್ಲದರ ಬೇರು ವಿಶ್ವಸಂಸ್ಥೆಯ ಅಂಗವಾದ ಅನ್‌ಸಿಟ್ರಲ್ 1996ರಲ್ಲಿ ತಯಾರಿಸಿದ ಮಾದರಿ ಕಾನೂನಿನಲ್ಲಿದೆ. ಅದರ 7ನೇ ವಿಧಿಗೆ ಬೇಕಾದದ್ದು ಇವಿಷ್ಟು: ಸಹಿ ಹಾಕಿದ್ದು ಯಾರು ಅಂತ ತಿಳಿಯಬೇಕು, ಬರೆದದ್ದಕ್ಕೆ ಅವರು ಒಪ್ಪಿದ್ದಾರೆ ಅಂತ ತಿಳಿಯಬೇಕು, ಬಳಸಿದ ವಿಧಾನ ಆ ವ್ಯವಹಾರಕ್ಕೆ ತಕ್ಕಷ್ಟು ನಂಬುವಂತಿರಬೇಕು. 'ತಕ್ಕಷ್ಟು' ಅನ್ನುವುದನ್ನು ನೋಡಿ. ಒಂದು ಪುಸ್ತಕದ ಚಿತ್ರಗಳಿಗೆ ಬೇಕಾದ ಭದ್ರತೆ ಬೇರೆ, ಬ್ಯಾಂಕಿನ ದೊಡ್ಡ ಸಾಲಕ್ಕೆ ಬೇಕಾದದ್ದು ಬೇರೆ.

ನೀವು ಮಾಡಬೇಕಾದದ್ದು ಏನು? ಬಟನ್ ಒತ್ತಿ. ಸಹಿಯ ಜೊತೆಗೆ ಬರುವ ಲಾಗ್ ಪುಟವನ್ನೂ ಕೇಳಿ ತರಿಸಿಕೊಳ್ಳಿ. ಆಡಿಟ್ ಟ್ರೇಲ್ ಅಂತಲೂ ಅನ್ನುತ್ತಾರೆ. ಯಾವ ಇಮೇಲಿಗೆ ಲಿಂಕ್ ಹೋಯಿತು, ಯಾವಾಗ ತೆರೆದರು, ಯಾವಾಗ ಸಹಿ ಆಯಿತು, ಯಾವ ಐಪಿ ವಿಳಾಸದಿಂದ (ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಒಟಿಪಿ ಕೇಳಿದರಾ ಅನ್ನುವುದೆಲ್ಲ ಅದರಲ್ಲಿರುತ್ತದೆ. ಹೆಚ್ಚಿನವರು ಸುಂದರವಾದ ಸಹಿ ಇರುವ ಪುಟವನ್ನು ಇಟ್ಟುಕೊಂಡು ಲಾಗ್ ಪುಟವನ್ನು ಕಸ ಅಂದುಕೊಳ್ಳುತ್ತಾರೆ. ನನ್ನ ಕೆಲಸದಲ್ಲಿ ಅದು ಉಲ್ಟಾ. ಆ ಸುರುಳಿ ಅಕ್ಷರಕ್ಕೆ ಯಾವ ಬೆಲೆಯೂ ಇಲ್ಲ, ಅದು ಬರೀ ಅಲಂಕಾರ.

ಇಮೇಲ್ ಸಾಕಾ ಅಂದಿರಿ. ಹಲವು ಕರಾರುಗಳಿಗೆ ಸಾಕು. ಇಂಗ್ಲೆಂಡಿನಲ್ಲಿ 2019ರಲ್ಲಿ ಜಾಗ ಮಾರುವ ವಿಷಯದ ಮೊಕದ್ದಮೆಯೊಂದರಲ್ಲಿ, ವಕೀಲರ ಇಮೇಲಿನ ಕೆಳಗೆ ತಾನೇ ಬಂದು ಕೂರುವ ಹೆಸರು-ಹುದ್ದೆಯ ಸಾಲುಗಳನ್ನೇ ಕೋರ್ಟು ಸಹಿ ಅಂತ ಒಪ್ಪಿತು. 2006ರಲ್ಲಿ ಅಲ್ಲಿನದೇ ಇನ್ನೊಂದು ಕೋರ್ಟು, ಇಮೇಲಿನ ತಲೆಯಲ್ಲಿ ತಾನೇ ಮೂಡುವ ವಿಳಾಸ ಸಹಿ ಅಲ್ಲ ಅಂದಿತ್ತು. 2019ರ ಕೇಸಿನ ಆ ಸಾಲುಗಳು ಪ್ರತಿ ಇಮೇಲಿನ ಕೆಳಗೂ ಬರುವಂತೆ ಯಾರೋ ಒಬ್ಬರು ಬೇಕೆಂದೇ ಇಟ್ಟಿದ್ದರು. ಎರಡು ತೀರ್ಪುಗಳ ನಡುವಿನ ವ್ಯತ್ಯಾಸ ಅಲ್ಲೇ ಇರುವುದು, ಒಪ್ಪುವ ಉದ್ದೇಶ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಕೇಸು ಇನ್ನೂ ಮಜವಾಗಿದೆ. ಧಾನ್ಯ ಕೊಳ್ಳುವ ಕಂಪನಿಯವರು ಅಗಸೆ ಮಾರಾಟದ ಕರಾರಿನ ಫೋಟೋವನ್ನು ರೈತನ ಫೋನಿಗೆ ಕಳಿಸಿ 'ದಯವಿಟ್ಟು ಖಚಿತಪಡಿಸಿ' ಅಂದರು. ಆತ ಹೆಬ್ಬೆರಳು ಎತ್ತಿದ ಇಮೋಜಿ ಹಾಕಿದ. ಬೆಲೆ ಏರಿತು, ಅಗಸೆ ಬರಲಿಲ್ಲ. 'ತಲುಪಿತು ಅಂತ ಹಾಕಿದ್ದೆ, ಒಪ್ಪಿದೆ ಅಂತಲ್ಲ' ಅನ್ನುವುದು ಆತನ ವಾದ. ಹಿಂದೆಯೂ ಅವರಿಬ್ಬರ ಕರಾರುಗಳು 'ಸರಿ', 'ಚೆನ್ನಾಗಿದೆ' ಇಂಥ ಒಂದೊಂದು ಮಾತಿನಲ್ಲೇ ಮುಗಿದಿದ್ದವು. ಆ ಸರಕು ಆಗೆಲ್ಲ ಬಂದು ತಲುಪಿತ್ತು. ಅದನ್ನು ನೋಡಿ 2023ರಲ್ಲಿ ನ್ಯಾಯಾಧೀಶರು ಇಮೋಜಿಯನ್ನೂ ಸಹಿ ಅಂದರು. ಪರಿಹಾರ ಸುಮಾರು 82,000 ಕೆನಡಾ ಡಾಲರ್. 2024ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಮೋಜಿ ಹಾಕುವಾಗ ಎರಡು ಸಲ ಯೋಚಿಸಿ ಅಂತ ಹೇಳಲಿಕ್ಕೆ ಇದನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಕಾಣುವುದು ಬೇರೆ: ಆ ಹಳೆಯ ಮೆಸೇಜುಗಳು ಯಾರ ಫೋನಿನಲ್ಲೋ ಅಳಿಸದೆ ಉಳಿದಿದ್ದವು. ಕೇಸು ನಿಂತದ್ದು ಅವುಗಳ ಮೇಲೆ.

ಸರಳ ಸಹಿ ನಡೆಯದ ಜಾಗಗಳೂ ಇವೆ. ಉಯಿಲು ಅದರಲ್ಲಿ ಮೊದಲನೆಯದು. ದತ್ತು, ವಿಚ್ಛೇದನದಂಥ ಕುಟುಂಬದ ಕಾಗದಗಳನ್ನು ಅಮೆರಿಕದ ಕಾಯ್ದೆಯೇ ಹೊರಗಿಟ್ಟಿದೆ. ಸಾಕ್ಷಿ ಎದುರಿಗೇ ಇರಬೇಕಾದವು, ನೋಟರಿ ಮುಂದೆ ಆಗಬೇಕಾದವು, ನೋಂದಣಿ ಆಗಬೇಕಾದವು, ಇವಕ್ಕೆಲ್ಲ ಆಯಾ ದೇಶದ ನಿಯಮವೇ ಬೇರೆ. ನಿಮ್ಮ ಪುಸ್ತಕದ ಕರಾರು ಆ ಪಟ್ಟಿಯಲ್ಲಿಲ್ಲ.

ಪೆನ್ನುಪ್ರಮಾಣ:

ಕಡತಪ್ರೇಮಿಯವರು ಓದಲಿಕ್ಕೆ ಚೆನ್ನಾಗಿ ಬರೆದಿದ್ದಾರೆ. ಆದರೆ ನನ್ನ ಅನುಭವ ಬೇರೆ ಸ್ವಾಮಿ. ನಾನು ಅಚ್ಚಿನ ಕೆಲಸ ಮಾಡಿಸಿಕೊಡುವವನು. ಒಂದು ಸಂಸ್ಥೆ ಇದೇ ಥರ ಲಿಂಕ್ ಮೂಲಕ ಕರಾರಿಗೆ ಸಹಿ ಹಾಕಿತು. ಮಾಲು ರೆಡಿ ಆದ ಮೇಲೆ 'ನಮ್ಮ ಯಜಮಾನರು ಸಹಿ ಹಾಕೇ ಇಲ್ಲ, ಆಫೀಸಿನ ಹುಡುಗ ಯಾರೋ ಒತ್ತಿರಬೇಕು' ಅಂತ ಶುರು ಮಾಡಿದರು. ಲಾಗ್ ಇತ್ತು, ಐಪಿ ಇತ್ತು, ಟೈಮ್ ಇತ್ತು. ಲಿಂಕ್ ಹೋಗಿದ್ದು ಅವರ ಆಫೀಸಿನ ಎಲ್ಲರೂ ನೋಡುವ ಇಮೇಲಿಗೆ. ಒತ್ತಿದ್ದು ಯಾರು ಅಂತ ಆ ಲಾಗ್ ಹೇಳಲಿಲ್ಲ. ಕೊನೆಗೆ ಅರ್ಧಕ್ಕೆ ರಾಜಿ ಮಾಡಿಕೊಂಡು ಕೈ ತೊಳೆದುಕೊಂಡೆ.

ಪೆನ್ನಿನಲ್ಲಿ ಸಹಿ ಹಾಕಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಬಣ್ಣದಡಬ್ಬಿಯವರೇ, ನೆರಳು ಬಿದ್ದರೂ ಪರವಾಗಿಲ್ಲ, ಪ್ರಿಂಟ್ ತೆಗೆದು ಸಹಿ ಹಾಕಿ.

ಕಡತಪ್ರೇಮಿ:

ಪೆನ್ನುಪ್ರಮಾಣರೇ, ನಿಮಗೆ ಆದದ್ದು ಅನ್ಯಾಯವೇ. ಆದರೆ ಪೆನ್ನು ಅದನ್ನು ತಡೆಯುತ್ತಿತ್ತಾ? ಆಫೀಸಿನ ಹುಡುಗ ಪೆನ್ನಿನಲ್ಲೂ ಗೀಚಬಹುದು. ನೀವು ಆ ಯಜಮಾನರ ಅಸಲಿ ಸಹಿಯನ್ನು ಮೊದಲು ಯಾವತ್ತಾದರೂ ನೋಡಿದ್ದಿರಾ? ಸ್ಕ್ಯಾನ್ ಆಗಿ ಬಂದ ಪ್ರತಿಯಲ್ಲಿ ಶಾಯಿಯ ಒತ್ತಡವಾಗಲಿ ಗೆರೆಯ ಓಟವಾಗಲಿ ನೆಟ್ಟಗೆ ಸಿಗುವುದಿಲ್ಲ. ಕೈಬರಹ ತಜ್ಞರು ಮೂಲ ಪ್ರತಿಯನ್ನೇ ಕೇಳುವುದು ಅದಕ್ಕೇ. ಬಣ್ಣದಡಬ್ಬಿಯವರು ಇಷ್ಟು ದಿನ ಕಳಿಸುತ್ತಿದ್ದ ಫೋನ್ ಫೋಟೋ ಕೂಡ ಕಾಗದದ ಸಹಿಯ ಚಿತ್ರವೇ ಹೊರತು ಕಾಗದದ ಸಹಿ ಅಲ್ಲ.

ನಿಮ್ಮ ಕೇಸಿನಲ್ಲಿ ಸೋತದ್ದು ಇಮೇಲ್ ವಿಳಾಸ. ಹತ್ತು ಜನ ತೆರೆಯುವ ವಿಳಾಸಕ್ಕೆ ಸಹಿಯ ಲಿಂಕ್ ಕಳಿಸಬಾರದು. ನಾವು ಕರಾರಿನ ಒಳಗೇ ಸಹಿ ಹಾಕುವವರ ಹೆಸರು, ಹುದ್ದೆ, ಅವರೊಬ್ಬರೇ ಬಳಸುವ ಇಮೇಲ್, ಮೊಬೈಲ್ ಬರೆಸುತ್ತೇವೆ. ಲಿಂಕ್ ಆ ಇಮೇಲಿಗೆ, ಒಟಿಪಿ ಆ ಮೊಬೈಲಿಗೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಹೋದರೆ 'ಯಾರೋ ಒತ್ತಿದರು' ಅನ್ನುವುದು ಅಷ್ಟು ಸುಲಭ ಅಲ್ಲ. ಸಹಿ ಹಾಕುವ ಅಧಿಕಾರ ತನಗಿದೆ ಅಂತ ಅವರ ಕೈಯಲ್ಲೇ ಒಂದು ಸಾಲು ಬರೆಸಿಕೊಳ್ಳುತ್ತೇವೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕರಾರಿನ ಸಾಕ್ಷಿ ಸಹಿಯ ದಿನಕ್ಕೇ ಮುಗಿಯುವುದಿಲ್ಲ. ಮುಂಗಡ ಕಳಿಸಿದ್ದು, ಪ್ರೂಫ್ ನೋಡಿ ತಿದ್ದುಪಡಿ ಹೇಳಿದ್ದು, 'ಯಾವಾಗ ಮುಗಿಯುತ್ತೆ' ಅಂತ ಅವರು ಕೇಳಿದ್ದು, ಎಲ್ಲ ಅವರು ಒಪ್ಪಿದ್ದರು ಅನ್ನುವುದನ್ನೇ ತೋರಿಸುತ್ತವೆ. ಒಪ್ಪದ ಕರಾರಿಗೆ ಯಾರೂ ಮುಂಗಡ ಕಳಿಸುವುದಿಲ್ಲ ಅಲ್ವಾ? ಆ ಮೇಲ್‌ಗಳನ್ನು ಕರಾರಿನ ಫೋಲ್ಡರಿನಲ್ಲೇ ಇಡಿ.

ನಿಮ್ಮ ಮಾತಿನಲ್ಲಿ ಒಂದು ಒಪ್ಪುತ್ತೇನೆ. ದುಡ್ಡು ದೊಡ್ಡದು, ಎದುರಿನವರು ಹೊಸಬರು, ಹಿಂದಿನ ವ್ಯವಹಾರ ಏನೂ ಇಲ್ಲ ಅಂದರೆ ಸರಳ ಸಹಿಯಲ್ಲಿ ನಿಲ್ಲಬೇಡಿ. ಒಂದು ಮೆಟ್ಟಿಲು ಮೇಲೆ ಹೋಗಿ, ಸರ್ಟಿಫಿಕೇಟಿನ ಸಹಿ ಕೇಳಿ.

ಬೈಟುಬುಟ್ಟಿ:

ಸಾಫ್ಟ್‌ವೇರ್ ಕಡೆಯಿಂದ ನನ್ನದೂ ಸ್ವಲ್ಪ.

ಸಹಿ ಹಾಕಿದ ಪಿಡಿಎಫ್ ತೆರೆದರೆ ಮೇಲೆ ಹಸಿರು ಟಿಕ್ ಬರುತ್ತದೆ ನೋಡಿ, ಅದನ್ನು ಜನ ತಪ್ಪು ತಿಳಿಯುತ್ತಾರೆ. ಸರಳ ಸಹಿಯ ಸೇವೆಗಳಲ್ಲಿ ಆ ಟಿಕ್ ಸಾಮಾನ್ಯವಾಗಿ ಸೇವೆ ಕೊಡುವ ಕಂಪನಿ ಕೊನೆಯಲ್ಲಿ ಒತ್ತುವ ಮುದ್ರೆಯದು. 'ನಮ್ಮ ಕೈಯಿಂದ ಹೊರಟ ಮೇಲೆ ಈ ಕಡತ ಬದಲಾಗಿಲ್ಲ' ಅನ್ನುವುದಷ್ಟೇ ಅದರ ಅರ್ಥ. ಸಹಿ ಹಾಕಿದ ವ್ಯಕ್ತಿ ಇವರೇ ಅಂತ ಅದು ಹೇಳುವುದಿಲ್ಲ. ಟಿಕ್ ಮೇಲೆ ಒತ್ತಿ ನೋಡಿ, ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ ಅಂತ ಕಾಣುತ್ತದೆ.

ಇಮೇಲಿನಲ್ಲೇ ಮಾಡುವುದಾದರೆ ಪಠ್ಯ ಬದಲಾಗಿಲ್ಲ ಅನ್ನುವುದಕ್ಕೆ ಹ್ಯಾಶ್ ಬಳಸಿ. ಎಸ್‌ಎಚ್‌ಎ-256 ಅನ್ನುವ ಲೆಕ್ಕಾಚಾರ ಇದೆ. ಯಾವ ಕಡತ ಕೊಟ್ಟರೂ ಅದು 64 ಅಕ್ಷರ-ಅಂಕಿಗಳ ಒಂದು ಸಾಲು ಕೊಡುತ್ತದೆ, ಅದೇ ಹ್ಯಾಶ್. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಇದನ್ನು ತೆಗೆಯುವ ಕಮಾಂಡ್ ಮೊದಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಕರಾರು ಕಳಿಸುವ ಇಮೇಲಿನಲ್ಲೇ ಆ ಸಾಲು ಬರೆಯಿರಿ. ಅವರು ಉತ್ತರದಲ್ಲಿ ಅದೇ ಸಾಲು ಹಾಕಿ ಒಪ್ಪಿಗೆ ಕೊಟ್ಟರೆ, ಯಾವ ಪಠ್ಯಕ್ಕೆ ಒಪ್ಪಿದರು ಅನ್ನುವುದರ ಬಗ್ಗೆ ಜಗಳ ಬರುವುದಿಲ್ಲ.

ಆಮೇಲೆ, ಸಹಿಯ ಫೋಟೋವನ್ನು ಪಿಡಿಎಫ್ ಮೇಲೆ ಅಂಟಿಸುವ ಅಭ್ಯಾಸ ಇದ್ದರೆ ಬಿಡಿ. ಆ ಚಿತ್ರವನ್ನು ಯಾರು ಬೇಕಾದರೂ ಎತ್ತಿಕೊಂಡು ಇನ್ನೊಂದು ಕಡತಕ್ಕೆ ಅಂಟಿಸಬಹುದು. ಹೆಸರು ಟೈಪ್ ಮಾಡುವುದೇ ವಾಸಿ, ಕದಿಯಲು ಅದರಲ್ಲಿ ಏನೂ ಇಲ್ಲ.

ಪಿಡಿಎಫ್ ಅನ್ನುವುದು ನಾವಂದುಕೊಂಡಷ್ಟು ಗಟ್ಟಿ ಅಲ್ಲ. ಅದಕ್ಕೆ ಹಿಂದಿನಿಂದ ಪದರ ಸೇರಿಸುತ್ತಾ ಹೋಗಬಹುದು. ಸಹಿಗೆ ಮೊದಲೇ ಕಾಣದ ಪದರವೊಂದನ್ನು ಅಡಗಿಸಿಟ್ಟು, ಸಹಿಯಾದ ಮೇಲೆ ಅದನ್ನು ಮೇಲೆ ತರುವ ದಾರಿಯನ್ನು ಜರ್ಮನಿಯ ಬೋಹುಮ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿಕೊಟ್ಟರು. ಆಮೇಲೆ ಹಲವು ಪಿಡಿಎಫ್ ತಂತ್ರಾಂಶಗಳು ತಿದ್ದಿಕೊಂಡವು. ಹೆದರಬೇಕಾದ್ದಿಲ್ಲ, ಪಿಡಿಎಫ್ ಓದುವ ತಂತ್ರಾಂಶವನ್ನು ಅಪ್‌ಡೇಟ್ ಮಾಡಿಡಿ. ಎದುರಿನವರು ಕಳಿಸಿದ ಕಡತಕ್ಕೇ ಸಹಿ ಹಾಕಬೇಕಾದಾಗ ಪೂರ್ತಿ ಓದಿ, ನೀವು ಓದಿದ ಪ್ರತಿಯ ಹ್ಯಾಶ್ ಬರೆದಿಟ್ಟುಕೊಳ್ಳಿ.

ಬಣ್ಣದಡಬ್ಬಿ:

ಎಲ್ಲರಿಗೂ ಥ್ಯಾಂಕ್ಸ್. ಪ್ರಕಾಶಕರನ್ನು ಕೇಳಿದೆ, ಲಾಗ್ ಪುಟ ಇಬ್ಬರಿಗೂ ತಾನೇ ಬರುತ್ತದಂತೆ. ಓದಿ, ಒತ್ತಿದೆ. ಪೆನ್ನುಪ್ರಮಾಣರೇ, ಬೇಜಾರಾಗಬೇಡಿ.

ಈಗ ಉಳಿದದ್ದು ಬಣ್ಣ ತುಂಬುವ ಇಬ್ಬರ ವಿಷಯ. ಅವರಿಗೆ ಲಿಂಕ್, ಸೇವೆ ಎಲ್ಲ ಜಾಸ್ತಿಯಾಯಿತು. ಒಬ್ಬರು ಇಮೇಲ್ ನೋಡುವುದೇ ಅಪರೂಪ, ಎಲ್ಲ ವಾಟ್ಸಾಪಿನಲ್ಲೇ. 'ಇಷ್ಟು ಪುಟ, ಇಷ್ಟು ದುಡ್ಡು, ಇಂಥ ದಿನ ಕೊಡಬೇಕು' ಅಂತ ಕಳಿಸಿ ಅವರು 'ಓಕೆ' ಅಂದರೆ ಸಾಕಲ್ವಾ? ಇಮೋಜಿಯೇ ಸಹಿ ಅಂದಮೇಲೆ!

ಕಡತಪ್ರೇಮಿ:

ಪುಟ, ದುಡ್ಡು, ದಿನ, ಇಷ್ಟಕ್ಕೆ ಸಾಕು. ನಿಜ ಹೇಳಬೇಕೆಂದರೆ ಅಷ್ಟಕ್ಕೆ ಸಹಿಯೇ ಬೇಕಿಲ್ಲ. ಇಂಥ ಕೆಲಸದ ಕರಾರು ಬಾಯಿಮಾತಿನಲ್ಲೂ ನಿಲ್ಲುತ್ತದೆ. ಬರೆದಿಡುವುದು ಮರೆವಿಗೆ ಮದ್ದು.

ಆದರೆ ನಿಮ್ಮ ಕಸುಬಿನಲ್ಲಿ ಸಹಿ ನಿಜವಾಗಿ ಬೇಕಾಗುವ ಜಾಗ ಬೇರೆಯೇ ಇದೆ. ಕಾಪಿರೈಟ್. ಅವರು ತುಂಬಿದ ಬಣ್ಣದ ಮೇಲೆ ಅವರಿಗೂ ಹಕ್ಕು ಇರಬಹುದು. ನಿಮ್ಮ ಪ್ರಕಾಶಕರಿಗೆ ನೀವು 'ಎಲ್ಲ ಹಕ್ಕು ನನ್ನದೇ, ನಿಮಗೆ ಕೊಡುತ್ತಿದ್ದೇನೆ' ಅಂತ ಬರೆದುಕೊಟ್ಟಿರುತ್ತೀರಿ. ಹಾಗೆ ಬರೆಯಬೇಕಾದರೆ ಆ ಇಬ್ಬರಿಂದ ಹಕ್ಕು ನಿಮಗೆ ಬಂದಿರಬೇಕು. ಅದು ಬಾಯಿಮಾತಿನಲ್ಲಿ ಬರುವುದಿಲ್ಲ. ಅಮೆರಿಕದ ಕಾಪಿರೈಟ್ ಕಾಯ್ದೆಯ 204ನೇ ಕಲಮು ಹಕ್ಕು ಕೊಡುವವರ ಸಹಿ ಇರುವ ಬರಹ ಬೇಕು ಅನ್ನುತ್ತದೆ. ಬ್ರಿಟನ್ನಿನ 1988ರ ಕಾಯ್ದೆಯ 90ನೇ ಕಲಮಿನದೂ ಅದೇ ಮಾತು. ಭಾರತದ 1957ರ ಕಾಯ್ದೆಯ 19ನೇ ಕಲಮೂ ಅಷ್ಟೇ. ಭಾರತದ್ದರಲ್ಲಿ ಇನ್ನೂ ಒಂದು ಕೊಕ್ಕೆ ಇದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ತಿಳಿಯಲಾಗುತ್ತದೆ. ಬೇರೆ ದೇಶದ ಪ್ರಕಾಶಕರಿಗೆ ಕೊಡುವಾಗ ಇದು ಕಾಡುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಇಲ್ಲೂ ಎಲೆಕ್ಟ್ರಾನಿಕ್ ಸಹಿ ನಡೆದಿದೆ. ಮನೆ ಮಾರಾಟದ ಜಾಹೀರಾತಿಗೆ ಫೋಟೋ ಅಪ್‌ಲೋಡ್ ಮಾಡುವವರು ಷರತ್ತುಗಳಿಗೆ ಬಟನ್ ಒತ್ತಿ ಒಪ್ಪಿದ್ದರು. ಹಾಗೆ ಬಟನ್ ಒತ್ತಿದ್ದರಿಂದಲೇ ಫೋಟೋಗಳ ಕಾಪಿರೈಟ್ ವರ್ಗಾವಣೆ ಆಗಬಲ್ಲದು ಅಂತ ಅಮೆರಿಕದ ಮೇಲ್ಮನವಿ ಕೋರ್ಟೊಂದು 2013ರಲ್ಲಿ ಹೇಳಿತು. ಹಾಗಂತ ವಾಟ್ಸಾಪಿನ 'ಓಕೆ'ಯ ಮೇಲೆ ಹಕ್ಕಿನ ವಿಷಯ ಬಿಡಬೇಡಿ. ಅದು ಎಷ್ಟು ಮಾತಿಗೆ ಓಕೆ, ಯಾವ ಮೆಸೇಜಿಗೆ ಓಕೆ ಅಂತ ಎಳೆದಾಡಬಹುದು.

ಒಂದು ಪುಟ ಮಾಡಿ. ಪುಸ್ತಕದ ಹೆಸರು, ಯಾವ ಪುಟಗಳು, ಎಷ್ಟು ಹಣ, ಯಾವಾಗ. ಆಮೇಲೆ ಹೀಗೆ ಬರೆಯಿರಿ:

'ಈ ಪುಟಗಳಿಗೆ ನಾನು ಮಾಡಿದ ಬಣ್ಣದ ಕೆಲಸದ ಕಾಪಿರೈಟನ್ನು, ಹಣ ಪೂರ್ತಿ ಕೈಸೇರಿದ ದಿನದಿಂದ, ಎಲ್ಲ ದೇಶಗಳಿಗೂ, ಕಾಪಿರೈಟ್ ಇರುವಷ್ಟು ಕಾಲಕ್ಕೂ, ಮುದ್ರಣ ಮತ್ತು ಡಿಜಿಟಲ್ ರೂಪಗಳೆರಡಕ್ಕೂ ಇಂಥವರಿಗೆ ಕೊಟ್ಟಿದ್ದೇನೆ. ಈ ಪತ್ರಕ್ಕೆ ಎಲೆಕ್ಟ್ರಾನಿಕ್ ರೂಪದಲ್ಲಿ ಸಹಿ ಹಾಕಲು ಇಬ್ಬರೂ ಒಪ್ಪಿದ್ದೇವೆ. ನನ್ನ ಪೂರ್ತಿ ಹೆಸರನ್ನು ಟೈಪ್ ಮಾಡಿ ಕೆಳಗೆ ಬರೆದ ನಂಬರಿನಿಂದ ಅಥವಾ ಇಮೇಲಿನಿಂದ ಕಳಿಸಿದರೆ ಅದೇ ನನ್ನ ಸಹಿ. ಆ ನಂಬರ್, ಇಮೇಲ್ ನಾನೊಬ್ಬನೇ/ಳೇ ಬಳಸುತ್ತೇನೆ.'

'ಹಣ ಪೂರ್ತಿ ಕೈಸೇರಿದ ದಿನದಿಂದ' ಅನ್ನುವುದನ್ನು ತೆಗೆಯಬೇಡಿ. ಅದು ಅವರ ರಕ್ಷಣೆಗೆ. ಪ್ರಕಾಶಕರಿಂದ ನೀವೂ ಅದನ್ನೇ ಕೇಳಬೇಕು.

ಇಮೇಲ್ ನೋಡದ ಕಲಾವಿದರಿಗೆ ಪಿಡಿಎಫನ್ನು ವಾಟ್ಸಾಪಿನಲ್ಲೇ ಕಳಿಸಿ. ಅವರು ಆ ಕಡತದ ಮೆಸೇಜಿಗೇ ರಿಪ್ಲೈ ಒತ್ತಿ 'ಓದಿದ್ದೇನೆ, ಒಪ್ಪಿ ಸಹಿ ಹಾಕುತ್ತಿದ್ದೇನೆ' ಅಂತ ಬರೆದು ಪೂರ್ತಿ ಹೆಸರು ಹಾಕಲಿ. ಬೈಟುಬುಟ್ಟಿಯವರ ಹ್ಯಾಶ್ ಇಲ್ಲಿ ಸ್ವಲ್ಪ ಹೆಚ್ಚಾಯಿತು, ಬಿಡಿ. ಆದರೆ ಆ ಚಾಟ್‌ನಲ್ಲಿ ತಾನೇ ಅಳಿಸಿಹೋಗುವ ಮೆಸೇಜಿನ ಆಯ್ಕೆ ಆನ್ ಇದೆಯಾ ನೋಡಿ, ಇದ್ದರೆ ಮೊದಲು ಆಫ್ ಮಾಡಿ. ಆಮೇಲೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ಪಿಡಿಎಫ್ ಜೊತೆ ಇಡಿ. ಹಳೇ ಫೋನನ್ನು ಕೊಡುವ ಮುಂಚೆ ನೆನಪಿರಲಿ.

ಪೆನ್ನುಪ್ರಮಾಣ:

ಬೇಜಾರಿಲ್ಲ ಮೇಡಂ. ಕಡತಪ್ರೇಮಿಯವರೇ, ಆ ಇಮೇಲ್-ಮೊಬೈಲ್ ಬೇರೆ ಬೇರೆ ದಾರಿಯ ಉಪಾಯ ನನ್ನ ಮುಂದಿನ ಕರಾರಿಗೆ ಸೇರಿಸುತ್ತೇನೆ. ದೊಡ್ಡ ಆರ್ಡರಿಗೆ ಮಾತ್ರ ಪೆನ್ನು ಬಿಡಲ್ಲ.

ಬಣ್ಣದಡಬ್ಬಿ:

ಕಾಪಿರೈಟ್ ವಿಷಯ ತಲೆಗೇ ಹೊಳೆದಿರಲಿಲ್ಲ. ಇವತ್ತೇ ಇಬ್ಬರಿಗೂ ಬರೆದು ಕಳಿಸುತ್ತೇನೆ. ಕೊನೆಯದೊಂದು ಪ್ರಶ್ನೆ: ಹಳೆಯ ಕಾಗದದ ಕರಾರುಗಳ ಕಟ್ಟು ಇದೆ. ಎಲ್ಲ ಸ್ಕ್ಯಾನ್ ಆಗಿವೆ. ಇನ್ನು ಅವನ್ನು ಹರಿದು ಹಾಕಬಹುದಾ?

ಕಡತಪ್ರೇಮಿ:

ಬೇಡ. ಪೆನ್ನಿನ ಸಹಿ ಇರುವುದರ ಮೂಲ ಆ ಕಾಗದವೇ, ಸ್ಕ್ಯಾನ್ ಅದರ ನಕಲು. ಕರಾರು ಮುಗಿದು ದಾವೆ ಹೂಡುವ ಅವಧಿಯೂ ದಾಟಿದವನ್ನು ತೆಗೆಯಬಹುದು. ಕಾಪಿರೈಟ್ ಕೊಟ್ಟ, ಪಡೆದ ಪತ್ರಗಳನ್ನು ಮಾತ್ರ ಪುಸ್ತಕ ಮಾರಾಟದಲ್ಲಿ ಇರುವಷ್ಟು ದಿನವೂ ಇಡಿ. ಹೊಸ ಇ-ಸಹಿಯ ಕರಾರುಗಳದ್ದು ಇದಕ್ಕೆ ತದ್ವಿರುದ್ಧ, ಅವುಗಳ ಮೂಲ ಆ ಡಿಜಿಟಲ್ ಕಡತ. ಪ್ರಿಂಟ್ ತೆಗೆದು ಕಟ್ಟಿಗೆ ಸೇರಿಸಿದರೆ ಲಾಗ್, ಮುದ್ರೆ ಏನೂ ಉಳಿಯುವುದಿಲ್ಲ. ಕಡತವನ್ನು ಬಂದ ಹಾಗೇ, ಬೇರೆ ಹೆಸರಲ್ಲಿ ಮತ್ತೆ 'ಸೇವ್' ಮಾಡುವ ಸಾಹಸಕ್ಕೆ ಹೋಗದೆ, ಎರಡು ಕಡೆ ನಕಲು ಮಾಡಿಡಿ.